ಅಲ್ಪವಿರಾಮಗಳ ಎಣಿಕೆಯಿಂದ ಅಂಕದವರೆಗೆ

ವಿದ್ಯಾರ್ಥಿಗಳ ಪ್ರಬಂಧಗಳಿಗೆ ಕಂಪ್ಯೂಟರ್ ಅಂಕ ನೀಡುವ ಕಾಲ ಸನ್ನಿಹಿತವಾಗಿದೆಯೆಂದು 1966ರಲ್ಲಿ ಅಮೆರಿಕದ ಎಲ್ಲಿಸ್ ಪೇಜ್ ಬರೆದರು. ಹಿಂದೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರಿಗೆ ಉತ್ತರಪತ್ರಿಕೆಗಳ ಭಾರ ಹೊಸದಲ್ಲ. ಅವರ ‘ಪ್ರಾಜೆಕ್ಟ್ ಎಸ್ಸೆ ಗ್ರೇಡ್’ ತಂತ್ರಾಂಶ ಪ್ರಬಂಧವನ್ನು ಅರ್ಥೈಸುತ್ತಿರಲಿಲ್ಲ. ಪ್ರಬಂಧದ ಉದ್ದ, ಪದಗಳ ಸರಾಸರಿ ಉದ್ದ, ಅಲ್ಪವಿರಾಮಗಳ ಸಂಖ್ಯೆ ಮೊದಲಾದವನ್ನು ಎಣಿಸಿ, ಮಾನವ ಪರೀಕ್ಷಕರು ಕೊಡಬಹುದಾದ ಅಂಕವನ್ನು ರಿಗ್ರೆಷನ್ ವಿಧಾನದಿಂದ ಅಂದಾಜಿಸುತ್ತಿತ್ತು. ಬರವಣಿಗೆಯ ನಿಜಗುಣಗಳನ್ನು ಪೇಜ್ ‘ಟ್ರಿನ್’ ಎಂದೂ ಅವುಗಳಿಗೆ ಬದಲಾಗಿ ಎಣಿಸುವ ಕುರುಹುಗಳನ್ನು ‘ಪ್ರಾಕ್ಸ್’ ಎಂದೂ ಕರೆದರು. ಈ ಅಂತರವನ್ನು ಮರೆಮಾಚದೆ ಹೆಸರಿಸಿದ್ದೇ ಅವರ ಹೆಚ್ಚುಗಾರಿಕೆಯೆಂದು ನಾವು ಭಾವಿಸುತ್ತೇವೆ.

1999ರಲ್ಲಿ ಜಿಮ್ಯಾಟ್ ಪರೀಕ್ಷೆಗೆ ಬಂದ ಇ-ರೇಟರ್ ವಾಕ್ಯರಚನೆಯನ್ನೂ ಸಂಕಥನದ ಸೂಚಕಗಳನ್ನೂ ಗಣಿಸಿತು. ಆದರೂ ಅದು ಒಬ್ಬಂಟಿ ಪರೀಕ್ಷಕನಾಗಿರಲಿಲ್ಲ: ಅದರ ಅಂಕಕ್ಕೂ ಮಾನವ ಪರೀಕ್ಷಕರ ಅಂಕಕ್ಕೂ ಒಂದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದಲ್ಲಿ ಮತ್ತೊಬ್ಬರು ಓದಬೇಕಿತ್ತು.

ಕುರುಹುಗಳು ಮಾತ್ರ ಭಾಷಾನಿರಪೇಕ್ಷವಲ್ಲ. ಇಂಗ್ಲಿಷಿನಲ್ಲಿ ಉದ್ದನೆಯ ಪದ ಶಬ್ದಸಂಪತ್ತನ್ನು ಸೂಚಿಸಬಹುದು. ಕನ್ನಡದಲ್ಲಿ ಅದು ಪ್ರತ್ಯಯಗಳ ಸರಣಿಯೋ, ಕೇವಲ ಕೂಡಿಸಿ ಬರೆಯುವ ರೂಢಿಯೋ ಆಗಿರಬಹುದು. ಪದದ ಉದ್ದವೊಂದನ್ನೇ ಅಳೆದರೆ, ‘ಅವನು ಮನೆಯಲ್ಲಿ ಇಲ್ಲ’ ಎಂದು ಬಿಡಿಸಿ ಬರೆದ ವಿದ್ಯಾರ್ಥಿಗಿಂತ ‘ಅವನು ಮನೆಯಲ್ಲಿಲ್ಲ’ ಎಂದು ಬರೆದವನೇ ಹೆಚ್ಚು ಅಂಕ ಪಡೆದಾನು.