ಎಕ್ಸ್ ಲಿಬ್ರಿಸ್

ಹಳೆಯ ಇಂಗ್ಲಿಷ್ ಪುಸ್ತಕದ ರಟ್ಟು ತೆರೆದರೆ ಒಳಗೆ ಅಂಗೈಯಗಲದ ಚಿತ್ರಚೀಟಿಯೊಂದು ಅಂಟಿಕೊಂಡಿರುವುದುಂಟು. ಅದರ ಮೇಲಿನ ಒಕ್ಕಣೆಯೇ ಅದರ ಹೆಸರೂ ಆಗಿಬಿಟ್ಟಿದೆ: ಎಕ್ಸ್ ಲಿಬ್ರಿಸ್. ಲ್ಯಾಟಿನ್ನಿನ ‘ಎಕ್ಸ್’ ನಮ್ಮ ‘ಇಂದ’ ಪ್ರತ್ಯಯದ ಕೆಲಸ ಮಾಡುತ್ತದೆ; ‘ಲಿಬ್ರಿಸ್’ ಎಂದರೆ ಪುಸ್ತಕಗಳು. ಮುಂದೆ ಒಡೆಯನ ಹೆಸರು ಸೇರಿದರೆ ‘ಇಂಥವರ ಪುಸ್ತಕಗಳಲ್ಲೊಂದು’ ಎಂದಾಯಿತು. ಮೂಲಪದ ‘ಲಿಬರ್’ಗೆ ಮೊದಲಿದ್ದ ಅರ್ಥ ಮರದ ಒಳತೊಗಟೆ. ಲೈಬ್ರರಿಯೂ ಅದೇ ಬೇರಿನದು. ತಾಳೆಯ ಓಲೆ ನಮ್ಮಲ್ಲಿ ಕಾಗದಪತ್ರವಾದ ಹಾಗೆ, ಅಲ್ಲಿ ತೊಗಟೆಯ ಹೆಸರು ಪುಸ್ತಕದ್ದಾಯಿತು.

ಈ ಚೀಟಿಗಳಲ್ಲಿ ಹೆಸರಿಗಿಂತ ಚಿತ್ರವೇ ಹೆಚ್ಚು ಮಾತಾಡುತ್ತದೆ. ಅತಿ ಹಳೆಯವುಗಳಲ್ಲೊಂದು 15ನೇ ಶತಮಾನದ ಜರ್ಮನಿಯ ಇಗ್ಲರ್ ಎಂಬವನದು. ಜರ್ಮನ್ನಿನಲ್ಲಿ ‘ಇಗೆಲ್’ ಎಂದರೆ ಮುಳ್ಳುಮೈಯ ಪುಟ್ಟ ಪ್ರಾಣಿ. ಅದೇ ಅಲ್ಲಿ ಹೂ ಕಚ್ಚಿಕೊಂಡು ನಿಂತಿದೆ. 18ನೇ ಶತಮಾನದ ಲಂಡನ್ನಿನ ನಟ ಡೇವಿಡ್ ಗ್ಯಾರಿಕ್‌ನ ಚೀಟಿಯಲ್ಲಿ ಹೆಸರಿನ ನೆತ್ತಿಯ ಮೇಲೆ ಷೇಕ್ಸ್‌ಪಿಯರ್‌ನ ಎದೆಮಟ್ಟದ ಪ್ರತಿಮೆ. ಕೆಳಗೆ ಫ್ರೆಂಚಿನಲ್ಲೊಂದು ಬುದ್ಧಿಮಾತು: ಎರವಲು ಒಯ್ದದ್ದನ್ನು ಮೊದಲು ಓದಬೇಕಂತೆ, ಬೇಗ ಹಿಂದಿರುಗಿಸಲು. ಚಿತ್ರಕಾರ ಡ್ಯೂರರ್ ಗೆಳೆಯ ಪಿರ್ಕ್‌ಹೈಮರ್‌ಗೆ ರಚಿಸಿಕೊಟ್ಟ ಚೀಟಿಯಲ್ಲೋ, ಪುಸ್ತಕ ತನಗೂ ಗೆಳೆಯರಿಗೂ ಎಂದೇ ಇದೆ. ಎಷ್ಟು ಮರಳಿ ಬಂದವೋ!