ಎರಡು ಕೈಗಳ ಮೇಜು, ಒಂದೇ ಸಹಿ

ಫ್ರಾನ್ಸಿನ ವರ್ಸಾಯ್ ಅರಮನೆಯಲ್ಲಿರುವ ಹದಿನೈದನೆಯ ಲೂಯಿಯ ಬರವಣಿಗೆಯ ಮೇಜು ಹದಿನೆಂಟನೆಯ ಶತಮಾನದ ಮರಗೆಲಸದ ಶ್ರೇಷ್ಠ ಕೃತಿಗಳಲ್ಲೊಂದು. ಅದರ ಮೇಲಿನ ಸಹಿ ಝಾನ್ ಆನ್ರಿ ರೀಸನೆರ್ ಎಂಬವನದು, ವರ್ಷ 1769. ಆದರೆ ಆ ಮೇಜನ್ನು ಆರಂಭಿಸಿದವನು ಅವನಲ್ಲ.

1760ರಲ್ಲಿ ಅರಸನಿಗಾಗಿ ಈ ಕೆಲಸವನ್ನು ಕೈಗೊಂಡವನು ಝಾನ್ ಫ್ರಾನ್ಸ್ವಾ ಓಬೆನ್. ಜರ್ಮನ್ ನಾಡಿನಿಂದ ಪ್ಯಾರಿಸ್ಸಿಗೆ ಬಂದ ಈತ ಮರಗೆಲಸದಲ್ಲಿ ಮಾತ್ರವಲ್ಲ, ಯಂತ್ರರಚನೆಯಲ್ಲೂ ನಿಪುಣ. ಮೇಜಿನ ಬಾಗಿದ ಮುಚ್ಚಳ ಹಿಂದಕ್ಕೆ ಉರುಳಿ ಮರೆಯಾಗುತ್ತದೆ. ಒಂದೇ ಕೀಲಿಯಿಂದ ಮುಚ್ಚಳವೂ ಖಾನೆಗಳೂ ತೆರೆದುಕೊಳ್ಳುತ್ತವೆ. ಅರಸನ ಕಾಗದಗಳು ಸೇವಕರ ಕಣ್ಣಿಗೆ ಬೀಳದಂತೆ, ಮಸಿಯನ್ನು ಪಕ್ಕದಿಂದಲೇ ತುಂಬುವ ಏರ್ಪಾಡಿದೆ.

ಮೇಜಿನ ಮೈಯೆಲ್ಲ ಮಾರ್ಕೆಟ್ರಿ ಚಿತ್ತಾರ. ಮೈಸೂರಿನ ಬೀಟೆಮರದ ಕುಸುರಿ ಕೆಲಸದಲ್ಲಿ ಗಟ್ಟಿಮರವನ್ನು ಕೊರೆದು, ಆ ಕುಳಿಯಲ್ಲಿ ಬೇರೆ ತುಣುಕನ್ನು ಕೂರಿಸುತ್ತಾರೆ. ಮಾರ್ಕೆಟ್ರಿಯಲ್ಲಿ ಹಾಗಲ್ಲ: ನಾನಾ ಮರಗಳ ತೆಳುವಾದ ಪದರಗಳನ್ನು ಕತ್ತರಿಸಿ, ಚಿತ್ರವಾಗಿ ಜೋಡಿಸಿ, ಮೇಲ್ಮೈಗೆ ಅಂಟಿಸುತ್ತಾರೆ. ಆ ಕಾಲದಲ್ಲಿ ಮರಕ್ಕೆ ಹಸಿರು, ನೀಲಿ, ಕೆಂಪು ಬಣ್ಣಗಳನ್ನೂ ಹಾಕುತ್ತಿದ್ದರು. ಬೆಳಕಿಗೆ ಅವು ಮಾಸಿವೆ. ಇಂದು ನಾವು ಮೆಚ್ಚುವ ಹೊಂಗಂದು ಬಣ್ಣವು ಕುಶಲಕರ್ಮಿಗಳು ಕಂಡದ್ದಲ್ಲ, ಕಾಲ ಬಳಿದದ್ದು.

ಮೇಜು ಮುಗಿಯುವ ಮೊದಲೇ, 1763ರಲ್ಲಿ, ಓಬೆನ್ ತೀರಿಕೊಂಡನು. ಅಂದಿನ ಪ್ಯಾರಿಸ್ಸಿನಲ್ಲಿ ಕುಶಲಕರ್ಮಿಗಳ ಸಂಘ ಮಾನ್ಯಮಾಡಿದ ಗುರುವಿಗೆ ಮಾತ್ರ ತನ್ನ ಹೆಸರಿನ ಮುದ್ರೆ ಒತ್ತುವ ಹಕ್ಕಿತ್ತು. ಆದರೆ ಗುರುವಿನ ವಿಧವೆ ಕಾರ್ಯಾಗಾರವನ್ನು ಮುಂದುವರಿಸಬಹುದಿತ್ತು. ಓಬೆನನ ಪತ್ನಿ ಫ್ರಾನ್ಸ್ವಾಸ್ ಮಾರ್ಗರೀತ್ ವಾಂಡರ್‌ಕ್ರೂಸ್ ಹಾಗೆಯೇ ಮಾಡಿದಳು. ಅಲ್ಲಿನ ಕೆಲಸಗಾರ ರೀಸನೆರ್ ಕೆಲಸದ ಹೊಣೆ ಹೊತ್ತನು. ಆ ವರ್ಷಗಳಲ್ಲಿ ರೀಸನೆರನ ಕೈಯಿಂದ ಬಂದ ವಸ್ತುಗಳ ಮೇಲೂ ಓಬೆನನ ಮುದ್ರೆಯೇ ಬಿದ್ದಿತು. ಮುಂದೆ ಅವನು ಆಕೆಯನ್ನು ಮದುವೆಯಾದನು. 1768ರಲ್ಲಿ ಗುರುಪದವಿ ಪಡೆದನು. ಮರುವರ್ಷ ಮೇಜು ಅರಮನೆ ಸೇರಿದಾಗ, ಓಬೆನ್ ಆರಂಭಿಸಿದ್ದರ ಮೇಲೆ ರೀಸನೆರನ ಹೆಸರಿತ್ತು.

ರೀಸನೆರ್ 1774ರಲ್ಲಿ ರಾಜಾಶ್ರಯದ ಕುಶಲಕರ್ಮಿಯಾದನು. ಕ್ರಾಂತಿ ಬಂದು ಅರಮನೆಯ ಸಾಮಾನು ಹರಾಜಾದಾಗ ತಾನು ಮಾಡಿದ ಕೆಲವು ವಸ್ತುಗಳನ್ನು ತಾನೇ ಕೊಂಡನು. ಆದರೆ ಅವನ್ನು ಕೊಳ್ಳಬಲ್ಲ ಸಿರಿವಂತರ ಕಾಲ ಮುಗಿದಿತ್ತು. 1806ರಲ್ಲಿ ಅವನು ತೀರಿಕೊಂಡನು.

ಹಳೆಯ ಪೀಠೋಪಕರಣದ ಮೇಲಿನ ಹೆಸರು ಬೆಲೆಯನ್ನು ನಿರ್ಧರಿಸುತ್ತದೆ. ಆದರೆ ಅದು ಹೇಳುವುದು ಮುದ್ರೆಯ ಹಕ್ಕು ಯಾರದಾಗಿತ್ತು ಎಂಬುದನ್ನು. ದುಡಿದ ಕೈಗಳನ್ನು ಬೇರೆಯಾಗಿಯೇ ಹುಡುಕಬೇಕು.