ಹಂದಿಗೋಡಿನ ಕೀಲುನೋವು ಮತ್ತು ಡಿಎನ್‌ಎ ಓದು

ವೈಯಾಲಿಕಾವಲಿನಲ್ಲಿ ಸಂಜೆ ವಾಯುವಿಹಾರಕ್ಕೆ ಹೊರಟರೆ ಮಂಡಿ ಹಿಡಿದು ನಿಲ್ಲುವ ಹಿರಿಯರನ್ನು ನೀವು ಕಾಣುತ್ತೀರಿ. ಮುಪ್ಪಿನ ಕೀಲುನೋವೆಂದು ಸುಮ್ಮನಾಗುತ್ತೀರಿ. ಅದು ಎಳೆಯರಿಗೇ ಬಂದರೆ?

1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಅಂತಹ ರೋಗ ಬೆಳಕಿಗೆ ಬಂದಿತು. ಸೊಂಟ, ಮಂಡಿಗಳ ಕೀಲು ಸವೆದು ಹಲವರು ನಡೆಯಲಾರದಾದರು. ಕೆಲವರು ಕುಳ್ಳರಾಗಿಯೇ ಉಳಿದರು. ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಸಂಶಯ ಹೋಯಿತು. 1977ರಲ್ಲಿ ಭಟ್ ಮತ್ತು ಕೃಷ್ಣಮಾಚಾರಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು.

ಅದೇ ವರ್ಷ ಕೇಂಬ್ರಿಜ್‌ನಲ್ಲಿ ಫ್ರೆಡ್ರಿಕ್ ಸ್ಯಾಂಗರ್ ಡಿಎನ್‌ಎಯ ಅಕ್ಷರಗಳನ್ನು ಕ್ರಮವಾಗಿ ಓದುವ ಹೊಸ ವಿಧಾನವನ್ನು ಪ್ರಕಟಿಸಿದರು. ಆದರೆ ಈ ಎರಡು ದಾರಿಗಳು ಆಗ ಕೂಡಲಿಲ್ಲ. 1990ರ ದಶಕದಲ್ಲಿ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್-ಕಿರಣ ಚಿತ್ರ, ವಂಶವೃಕ್ಷಗಳನ್ನು ಪರಿಶೀಲಿಸಿ, ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷವೆಂದರು. ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷದ ಜೀನ್ ಬಂದರೂ ಸಾಕು.

ಜೀನ್ ಇದೆಯೆಂದು ವಂಶವೃಕ್ಷ ಹೇಳುತ್ತದೆ, ಯಾವುದೆಂದು ಹೇಳಲಾರದು. ಅದಕ್ಕೆ ಡಿಎನ್‌ಎಯನ್ನೇ ಓದಬೇಕು. ಇಂದು ಬಳಕೆಯಲ್ಲಿರುವ ಹಲವು ಯಂತ್ರಗಳು ಅಕ್ಷರಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ, ಆ ಬೆಳಕನ್ನು ಹಿಡಿದು ಓದುತ್ತವೆ. 2020ರಲ್ಲಿ ಅಮೆರಿಕದ ವಿಜ್ಞಾನಿಗಳು 2,560 ರೋಗಿಗಳ ಅನುಕ್ರಮದಿಂದ ಆರಂಭಿಸಿ, ಯುಬಿಎ1 ಜೀನ್ ಕೆಟ್ಟಿದ್ದ 25 ಪುರುಷರನ್ನು ಗುರುತಿಸಿದರು. ರೋಗಕ್ಕೆ ವೆಕ್ಸಸ್ ಎಂದು ಹೆಸರಿಟ್ಟರು. ಈ ದೋಷ ಹುಟ್ಟಿನಿಂದ ಬಂದುದಲ್ಲ, ಬದುಕಿನ ನಡುವೆ ಮೂಡಿದ್ದು. ಹಂದಿಗೋಡಿನದು ಪೀಳಿಗೆಯಿಂದ ಇಳಿದದ್ದು.

ಏಡಿ ತಿಂದವರನ್ನು ದೂರುವುದು ಸುಲಭ. "ನನ್ನ ಮಗುವಿಗೂ ಬರುವುದೇ?" ಎನ್ನುವ ತಾಯಿಗೆ ಉತ್ತರ ಹೇಳುವುದು ಕಷ್ಟ. ಆ ಉತ್ತರಕ್ಕಾಗಿಯೇ ಈ ಓದು.